ಬಣ್ಣದ ಡಬ್ಬಿ ತೆರೆಯುವ ಮುನ್ನ

ತುಮಕೂರಿಗೂ ಕುಣಿಗಲ್ಲಿಗೂ ನಡುವೆ, ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿಯ ಮೇಲಿರುವ ಹೋಬಳಿ ಊರು ಹೆಬ್ಬೂರು. ಕಾಮಾಕ್ಷಿ ಶಾರದೆಯ ದರ್ಶನಕ್ಕೆ ಬರುವ ಕಾರು, ಎಳನೀರು ತುಂಬಿದ ಗೂಡ್ಸ್ ಆಟೊ, ಸಂತೆಗೆ ಹೊರಟ ಪಿಕಪ್ಪು, ಗೊಬ್ಬರದ ಮೂಟೆ ಹೇರಿಕೊಂಡ ಟ್ರ್ಯಾಕ್ಟರು ಎಲ್ಲ ಓಡುವುದು ಇದೇ ರಸ್ತೆಯಲ್ಲಿ. ರಸ್ತೆಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ಅವುಗಳ ಮೈ ನೋಡಿದರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಹೋದ ವರ್ಷ ಬಣ್ಣ ಹೊಡೆಸಿದ ಮಡ್‌ಗಾರ್ಡು ಆಗಲೇ ಗುಳ್ಳೆಯೆದ್ದು ಚಕ್ಕೆ ಬಿಡುತ್ತಿರುತ್ತದೆ. ಹತ್ತು ವರ್ಷದ ಹಿಂದೆ ಹೊಡೆಸಿದ ಬಾನೆಟ್ಟು ಬಿಸಿಲು, ಮಳೆ ಎರಡನ್ನೂ ತಿಂದು ಗಟ್ಟಿಯಾಗಿಯೇ ಇರುತ್ತದೆ. ಎರಡಕ್ಕೂ ಒಂದೇ ಕಂಪನಿಯ ಬಣ್ಣ ಬಿದ್ದಿದ್ದರೂ ಆಶ್ಚರ್ಯವಿಲ್ಲ.

ವ್ಯತ್ಯಾಸ ಹುಟ್ಟುವುದು ಬಣ್ಣದ ಕೆಳಗೆ. ಟಿಂಕರಿಂಗ್ ಶೆಡ್ಡಿನ ಕೆಲಸವನ್ನು ಅಳತೆಯ ಕಣ್ಣಿನಿಂದ ನೋಡಿದರೆ ಅದರ ಗುಟ್ಟು ತಿಳಿಯುತ್ತದೆ. ಸುತ್ತಿಗೆ ತಿದ್ದುವುದು ಮಿಲಿಮೀಟರ್‌ಗಳ ಲೆಕ್ಕದ ಏರುಪೇರನ್ನು. ಪುಟ್ಟಿ ತುಂಬುವುದು ಒಂದೆರಡು ಮಿಲಿಮೀಟರಿನೊಳಗಿನ ತಗ್ಗನ್ನು. ಎಮರಿ ಕಾಗದದ ಗೀರು ಮೈಕ್ರಾನ್ ಲೆಕ್ಕದ್ದು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಒರೆಸುವ ಬಟ್ಟೆ ತೆಗೆಯಬೇಕಾದ ಎಣ್ಣೆಯ ಪದರವನ್ನು ಅಳೆಯಲು ಅದಕ್ಕೂ ಸಾವಿರ ಪಟ್ಟು ಚಿಕ್ಕದಾದ ನ್ಯಾನೊಮೀಟರ್ ಬೇಕು. ಪ್ರೈಮರ್ ತಗಡನ್ನು ಹಿಡಿದುಕೊಳ್ಳುವುದಂತೂ ಅಣುಗಳ ಮಟ್ಟದಲ್ಲಿ. ಪ್ರತಿ ಹತಾರಕ್ಕೂ ಅದರದೇ ಅಳತೆಯಿದೆ. ದೊಡ್ಡ ಅಳತೆಯ ತಪ್ಪನ್ನು ಚಿಕ್ಕ ಅಳತೆಯ ವಸ್ತುವಿನಿಂದ ಮುಚ್ಚಲು ಹೋದಾಗ ಕೆಲಸ ಕೆಡುತ್ತದೆ. ಈ ಅಧ್ಯಾಯ ಆ ಅಳತೆಗಳ ಮೆಟ್ಟಿಲನ್ನು ಒಂದೊಂದಾಗಿ ಇಳಿಯುತ್ತದೆ.

ಸುತ್ತಿಗೆಯ ಅಳತೆ

ಕಾರಿನ ಬಾಗಿಲಿನ ಹೊರತಗಡು ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್ ದಪ್ಪದ ಉಕ್ಕು. ಉಕ್ಕಿಗೆ ಎರಡು ಸ್ವಭಾವ. ಸ್ವಲ್ಪವೇ ಬಾಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಮಿತಿ ಮೀರಿದರೆ ಬಾಗಿದಂತೆಯೇ ನಿಂತುಬಿಡುತ್ತದೆ. ಆ ಮಿತಿ ಬಹಳ ಕಿರಿದು: ಸಾಧಾರಣ ಮೃದು ಉಕ್ಕು ತನ್ನ ಉದ್ದದ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು ಹಿಗ್ಗುವವರೆಗೆ ಮಾತ್ರ ಹಿಂದಿರುಗಬಲ್ಲದು. ಮಿತಿ ದಾಟಿದಾಗ ಲೋಹದ ಹರಳುಗಳ ಒಳಗೆ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಿ ಹೊಸ ಜಾಗದಲ್ಲಿ ಕೂರುತ್ತವೆ. ಜಾರಿದ ಸಾಲುಗಳು ಒಂದಕ್ಕೊಂದು ತೊಡರಿಕೊಳ್ಳುವುದರಿಂದ ಆ ಜಾಗ ಮೊದಲಿಗಿಂತ ಗಡುಸಾಗುತ್ತದೆ.

ನೆಗ್ಗಿದ ಬಾಗಿಲನ್ನು ಹೀಗೆ ನೋಡಿದರೆ ಅದರಲ್ಲಿ ಎರಡು ಬಗೆಯ ಲೋಹ ಕಾಣುತ್ತದೆ. ಅಂಚಿನ ಚೂಪಾದ ಮಡಿಕೆ ನಿಜವಾಗಿ ಕೆಟ್ಟ ಲೋಹ, ಅದು ಗಡುಸಾಗಿದೆ. ನಡುವಿನ ಅಗಲವಾದ ತಗ್ಗಿನ ಬಹುಭಾಗ ಇನ್ನೂ ಮರಳಬಲ್ಲ ಲೋಹ. ಮಡಿಕೆ ಹಿಡಿದಿಟ್ಟುಕೊಂಡಿರುವುದರಿಂದ ಅದು ಮರಳಲಾರದೆ ನಿಂತಿದೆ. ಆದ್ದರಿಂದಲೇ ಪಳಗಿದ ಟಿಂಕರ್ ತಗ್ಗಿನ ನಡುಮಧ್ಯಕ್ಕೆ ಸುತ್ತಿಗೆ ಬೀಸುವುದಿಲ್ಲ. ಕೊನೆಗೆ ಎದ್ದ ಮಡಿಕೆಯನ್ನು ಮೊದಲು ಬಿಡಿಸುತ್ತಾನೆ. ಮಡಿಕೆ ಸಡಿಲವಾದಷ್ಟೂ ನಡುವಿನ ತಗಡು ತಾನಾಗಿಯೇ ಮೇಲೇಳುತ್ತದೆ. ಹೊಸ ಹುಡುಗ ಅವಸರಕ್ಕೆ ಬಿದ್ದು ನಡುಭಾಗಕ್ಕೇ ಬಡಿದರೆ, ಕೆಡದಿದ್ದ ಲೋಹವೂ ಮಿತಿ ದಾಟಿ ಕೆಡುತ್ತದೆ.

ಬಡಿಯುವ ಕೈಯಷ್ಟೇ ಮುಖ್ಯ ಹಿಂದಿನಿಂದ ಒತ್ತಿ ಹಿಡಿಯುವ ಕೈ. ಆ ಕೈಯಲ್ಲಿರುವ ಉಕ್ಕಿನ ಗುಂಡಿಗೆ ಡಾಲಿ ಎನ್ನುತ್ತಾರೆ. ಸುತ್ತಿಗೆ ಉಬ್ಬಿನ ಮೇಲೆ, ಡಾಲಿ ಅದರ ಪಕ್ಕದ ತಗ್ಗಿನ ಹಿಂದೆ ಇದ್ದರೆ ಉಬ್ಬು ಇಳಿದು ತಗ್ಗು ಏರುತ್ತದೆ, ಲೋಹ ಹಿಗ್ಗುವುದಿಲ್ಲ. ಡಾಲಿಯ ನೇರ ಮೇಲೆಯೇ ಸುತ್ತಿಗೆ ಬಿದ್ದರೆ ಮಾತು ಬೇರೆ. ಎರಡು ಉಕ್ಕಿನ ನಡುವೆ ಸಿಕ್ಕ ತಗಡು ಅಕ್ಕಿ ರೊಟ್ಟಿ ತಟ್ಟಿದ ಹಾಗೆ ತೆಳುವಾಗಿ ಸುತ್ತ ಹರಡುತ್ತದೆ. ಸುತ್ತಲಿನ ಲೋಹ ಜಾಗ ಕೊಡದಿರುವುದರಿಂದ, ಹರಡಿ ಹೆಚ್ಚಾದ ತಗಡು ಮೇಲಕ್ಕೋ ಕೆಳಕ್ಕೋ ಉಬ್ಬಬೇಕು. ಹೆಬ್ಬೆರಳಿಂದ ಒತ್ತಿದರೆ ಟಪ್ ಎಂದು ಒಳಗೆ ಹೋಗಿ, ಬಿಟ್ಟರೆ ಟಪ್ ಎಂದು ಹೊರಬರುವ ಬಾಗಿಲು, ಬಾನೆಟ್ಟು ಹೀಗೆ ಹುಟ್ಟುತ್ತವೆ. ಅಲ್ಲಿ ಇನ್ನೆಷ್ಟು ಬಡಿದರೂ ರೋಗ ಹೆಚ್ಚುತ್ತದೆಯೇ ಹೊರತು ಇಳಿಯದು.

ಅದಕ್ಕೆ ಮದ್ದು ಬೆಂಕಿ. ಗ್ಯಾಸ್ ಜ್ವಾಲೆಯಿಂದ ನಾಣ್ಯದಗಲದ ಒಂದು ಚುಕ್ಕೆಯನ್ನು ಕೆಂಪಗೆ ಕಾಯಿಸುತ್ತಾರೆ. ಸುಮಾರು 700 ಡಿಗ್ರಿ ಸೆಲ್ಸಿಯಸ್‌ಗೆ ಕಾದ 15 ಮಿಲಿಮೀಟರ್ ಚುಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಕಾದ ಲೋಹ ಮೆತ್ತಗಾಗಿರುವುದರಿಂದ ಪಕ್ಕಕ್ಕೆ ಹೋಗಲಾರದೆ ಇದ್ದಲ್ಲೇ ದಪ್ಪಗಾಗುತ್ತದೆ. ತಕ್ಷಣ ಒದ್ದೆ ಬಟ್ಟೆ ಒತ್ತಿದರೆ ಆ ಚುಕ್ಕೆ ಕುಗ್ಗುತ್ತ ಸುತ್ತಲಿನ ತಗಡನ್ನು ತನ್ನತ್ತ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಹೆಚ್ಚಾಗಿದ್ದ ವಿಸ್ತೀರ್ಣವನ್ನು ದಪ್ಪಕ್ಕೆ ತಿರುಗಿಸುವ ಈ ಉಪಾಯವನ್ನು ಎಷ್ಟೋ ಟಿಂಕರ್‌ಗಳು ಪುಸ್ತಕ ಮುಟ್ಟದೆ, ಇನ್ನೊಬ್ಬರ ಕೈ ನೋಡಿಯೇ ಕಲಿತಿದ್ದಾರೆ. ಒಂದೇ ಎಚ್ಚರಿಕೆ: ಈಚಿನ ಕಾರುಗಳ ಬಾಗಿಲ ಕಂಬಗಳಂಥ ಭಾಗಗಳಲ್ಲಿ ಶಾಖ ಕೊಟ್ಟು ಗಟ್ಟಿ ಮಾಡಿದ ಬೋರಾನ್ ಉಕ್ಕು ಇರುತ್ತದೆ. ಅದನ್ನು ಕಾಯಿಸಿದರೆ ಬಲವೇ ಹೋಗುತ್ತದೆ. ಅಲ್ಲಿ ಜ್ವಾಲೆ ತೋರಿಸಬಾರದು. ಕಂಪನಿ ಹೇಳಿದಂತೆ ಭಾಗವನ್ನೇ ಬದಲಿಸಬೇಕು.

ಗುಳಿಯಲ್ಲಿ ಕೂತ ತುಕ್ಕು

ತಗಡು ಸಾಪಾಟಾದ ಮೇಲೆ ತುಕ್ಕಿನ ಸರದಿ. ಕಬ್ಬಿಣ, ನೀರು, ಆಮ್ಲಜನಕ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಒಂದೇ ತಗಡಿನ ಮೇಲೆ ಒಂದು ಜಾಗ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ಪಕ್ಕದ ಜಾಗದಲ್ಲಿ ಆಮ್ಲಜನಕ ಅವನ್ನು ಪಡೆಯುತ್ತದೆ. ನಡುವೆ ವಿದ್ಯುತ್ ಹರಿಯಲು ಉಪ್ಪು ಬೆರೆತ ತೇವ ಇದ್ದರೆ ಕೆಲಸ ಇನ್ನೂ ಸಲೀಸು. ಕಡಲು ನೂರಾರು ಕಿಲೋಮೀಟರ್ ದೂರವಿರುವ ಹೆಬ್ಬೂರಿನಲ್ಲಿ ಉಪ್ಪೆಲ್ಲಿ ಬಂತು ಎನ್ನಬೇಡಿ. ತೆಂಗು, ಅಡಿಕೆ ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡೇ ಅದರಲ್ಲೂ ಇದೆ. ಟ್ರೇಲರ್ ತಳದ ಸಂದಿಯಲ್ಲಿ ಉಳಿದ ಗೊಬ್ಬರದ ಧೂಳು ಮೊದಲ ಮಳೆಗೆ ಕರಗಿ ತಗಡಿಗೆ ಇಳಿಯುತ್ತದೆ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಬಣ್ಣದಡಿ ಒಂದಿಷ್ಟು ಉಳಿದರೂ ಅದು ಬೆಳೆದು ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ವೈರ್ ಬ್ರಷ್ ಹೊಡೆದಾಗ ಮೇಲಿನ ಕೆಂಪು ಪುಡಿ ಹೋಗಿ ತಗಡು ಹೊಳೆಯುತ್ತದೆ. ಗುಳಿಗಳ ತಳದಲ್ಲಿ ಕಪ್ಪು ಚುಕ್ಕೆಗಳು ಉಳಿದಿರುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಅವು ಸ್ಪಷ್ಟ. ಅವನ್ನು ತೆಗೆಯಲು ಉಜ್ಜುವುದರ ಜತೆಗೆ ರಸಾಯನವೂ ಬೇಕು. ಅಂಗಡಿಯಲ್ಲಿ ಸಿಗುವ ತುಕ್ಕು ತೆಗೆಯುವ ದ್ರವಗಳಲ್ಲಿ ಹೆಚ್ಚಿನವು ಫಾಸ್ಫಾರಿಕ್ ಆಮ್ಲದವು. ಆಮ್ಲ ತುಕ್ಕನ್ನು ಕರಗಿಸಿ ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳು ಪದರ ಬಿಡುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಆಮ್ಲವನ್ನು ತೊಳೆದು ಒಣಗಿಸಲೇಬೇಕು. ಇಲ್ಲದಿದ್ದರೆ ಅದೇ ಮುಂದಿನ ಪದರದ ವೈರಿ.

ಇನ್ನೊಂದು ಬಗೆಯ ದ್ರವದಲ್ಲಿ ಟ್ಯಾನಿನ್ ಇರುತ್ತದೆ. ಅದು ಕೆಂಪು ತುಕ್ಕಿನೊಡನೆ ಕೂಡಿ ನೀಲಿಗಪ್ಪು ಬಣ್ಣದ, ನೀರಿಗೆ ಕರಗದ ಸಂಯುಕ್ತವಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ನಮ್ಮ ಹಿರಿಯರು ಮಸಿ ಮಾಡಿದ್ದು ಇದೇ ಕ್ರಿಯೆಯಿಂದ. ಬಯಲುಸೀಮೆಯ ಬೀಳುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದುದೂ ಟ್ಯಾನಿನ್ ಬಲದಿಂದಲೇ. ತೆಳುವಾಗಿ ಅಂಟಿದ ತುಕ್ಕಿಗೆ ಈ ದ್ರವ ಸಾಕು. ತಗಡು ತೂತಾಗುವಷ್ಟು ತಿಂದಿದ್ದರೆ ಕತ್ತರಿಸಿ ಹೊಸ ತುಂಡು ಬೆಸೆಯುವುದೊಂದೇ ದಾರಿ. ತೂತಿಗೆ ಪುಟ್ಟಿ ಮೆತ್ತುವುದು ಅಳತೆ ತಪ್ಪಿದ ಕೆಲಸದ ಮೊದಲ ಉದಾಹರಣೆ.

ಪುಟ್ಟಿ ಎಷ್ಟು ದಪ್ಪ

ಈಗ ಬಳಕೆಯಲ್ಲಿರುವ ಪುಟ್ಟಿ ಪಾಲಿಯೆಸ್ಟರ್ ರಾಳ ಮತ್ತು ನುಣುಪಾದ ಟಾಲ್ಕ್ ಪುಡಿಯ ಮಿಶ್ರಣ. ಜತೆಗೆ ಬರುವ ಚಿಕ್ಕ ಟ್ಯೂಬಿನ ಹಾರ್ಡ್ನರ್‌ನಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಇರುತ್ತದೆ. ಎರಡೂ ಬೆರೆತಾಗ ಪೆರಾಕ್ಸೈಡ್ ಒಡೆದು ರಾಳದ ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಕೈಗೆ ತಾಗುವ ಬಿಸಿ ಆ ಹೆಣಿಗೆಯದು. ನೂರು ಗ್ರಾಂ ಪುಟ್ಟಿಗೆ ಸುಮಾರು ಎರಡು ಗ್ರಾಂ ಹಾರ್ಡ್ನರ್ ಸಾಮಾನ್ಯ ಲೆಕ್ಕ. ನಿಖರ ಪ್ರಮಾಣ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಉಳಿದ ಪೆರಾಕ್ಸೈಡ್ ಮುಂದೆ ಬಣ್ಣದೊಳಕ್ಕೆ ನುಸುಳಿ ಮೇಲೆ ಕಲೆ ಮೂಡಿಸುತ್ತದೆ. ಕಡಿಮೆ ಹಾಕಿದರೆ ಒಳಗೆ ಮೆತ್ತಗೇ ಉಳಿದು ಕಾಗದಕ್ಕೆ ಅಂಟುತ್ತದೆ. ಬಿಳಿ ಪುಟ್ಟಿಯಲ್ಲಿ ಬಣ್ಣದ ಹಾರ್ಡ್ನರ್ ಗೆರೆ ಕಾಣದಂತೆ, ಗಾಳಿ ಸೇರದಂತೆ ಬ್ಲೇಡಿನಿಂದ ಒತ್ತಿ ಒತ್ತಿ ಕಲಸಬೇಕು.

ಪುಟ್ಟಿಯ ಅಳತೆ ಒಂದೆರಡು ಮಿಲಿಮೀಟರ್. ಉಜ್ಜಿದ ಮೇಲೆ ಮೂರು ಮಿಲಿಮೀಟರಿಗಿಂತ ದಪ್ಪ ಉಳಿಯುವಂತಿದ್ದರೆ ಸುತ್ತಿಗೆಯ ಕೆಲಸ ಮುಗಿದಿಲ್ಲ ಎಂದರ್ಥ. ಕಾರಣ ಸರಳ. ಬಿಸಿಗೆ ಪಾಲಿಯೆಸ್ಟರ್ ಪುಟ್ಟಿ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಯ ತಗಡು ಮುಟ್ಟಲಾಗದಷ್ಟು ಕಾದು, ರಾತ್ರಿ ತಣ್ಣಗಾಗುತ್ತದೆ. ದಿನದಿನವೂ ಎರಡು ವಸ್ತು ಎರಡು ಲೆಕ್ಕದಲ್ಲಿ ಹಿಗ್ಗಿ ಕುಗ್ಗಿದರೆ ಒತ್ತಡವೆಲ್ಲ ಅವು ಸೇರುವ ಗಡಿಯ ಮೇಲೆ ಬೀಳುತ್ತದೆ. ಪದರ ದಪ್ಪವಿದ್ದಷ್ಟೂ ಒತ್ತಡ ಹೆಚ್ಚು. ಟ್ರ್ಯಾಕ್ಟರ್ ಮಡ್‌ಗಾರ್ಡಿನಂಥ ಸದಾ ಅದುರುವ ಭಾಗದಲ್ಲಿ ದಪ್ಪ ಪುಟ್ಟಿ ಹೆಂಚಿನಗಲದ ಚಕ್ಕೆಯಾಗಿ ಉದುರುವುದು ಹೀಗೆ.

ಹಳ್ಳಿ ಶೆಡ್ಡುಗಳಲ್ಲಿ ರೂಢಿಯಾಗಿರುವ ಒಂದು ಅಭ್ಯಾಸವನ್ನು ಇಲ್ಲಿ ಬಿಡಿಸಿ ಹೇಳಬೇಕು: ಪುಟ್ಟಿಯನ್ನು ನೀರು ಹಾಕಿ ಉಜ್ಜುವುದು. ನೀರು ಹಾಕಿದರೆ ಧೂಳೇಳುವುದಿಲ್ಲ, ಕಾಗದವೂ ಬಾಳುತ್ತದೆ. ಆದರೆ ಉಜ್ಜಿದ ಪುಟ್ಟಿಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವು ನೀರು ಕುಡಿಯುತ್ತವೆ. ಮೇಲಿನಿಂದ ಒಣಗಿದಂತೆ ಕಂಡ ಪುಟ್ಟಿಯ ತಳದಲ್ಲಿ ತೇವ ಕೂತು ತಗಡಿಗೆ ತುಕ್ಕು ಹಿಡಿಸುತ್ತದೆ. ಪಾಲಿಯೆಸ್ಟರ್ ಪುಟ್ಟಿಯನ್ನು ಒಣದಾಗಿಯೇ ಉಜ್ಜಬೇಕು, ಬಾಯಿಗೆ ಮಾಸ್ಕ್ ಹಾಕಿಕೊಂಡು. ನೀರಿನ ಕಾಗದದ ಕೆಲಸ ಪ್ರೈಮರ್ ಬಿದ್ದ ಮೇಲೆ.

ಚಿಕ್ಕ ತೂತು ಮುಚ್ಚಲು ಬಳಸುವ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪುಟ್ಟಿ ಬೇರೆ ಜಾತಿಯದು. ಅದು ಗಟ್ಟಿಯಾಗುವುದು ತಿನ್ನರ್ ಆರಿದ್ದರಿಂದ. ಆರಿದಷ್ಟೂ ಕುಗ್ಗುತ್ತದೆ, ಒಳಗಿನ ತಿನ್ನರ್ ಪೂರ್ತಿ ಹೊರಡಲು ದಿನಗಳೇ ಬೇಕಾಗಬಹುದು. ದಪ್ಪಗೆ ಬಳಿದು ಅದೇ ದಿನ ಬಣ್ಣ ಹೊಡೆದರೆ ಗಾಡಿ ಮನೆಗೆ ಹೋದ ಮೇಲೆ ತಗ್ಗು ಕಾಣಿಸಿಕೊಳ್ಳುತ್ತದೆ. ಸೂಜಿಮೊನೆಯ ರಂಧ್ರ, ಕೂದಲೆಳೆಯ ಗೀರು, ಇವೇ ಅದರ ಅಳತೆ.

ಕಾಗದದ ನಂಬರು, ಅಂಗೈಯ ಜಾಣ್ಮೆ

ಕಾಗದದ ಹಿಂದೆ ಅಚ್ಚಾದ ನಂಬರು ಹೆಚ್ಚಿದಷ್ಟೂ ಹರಳು ಸಣ್ಣದು. ಪಿ ಶ್ರೇಣಿಯ 80 ನಂಬರಿನ ಹರಳು ಸುಮಾರು 200 ಮೈಕ್ರಾನ್, 180ರದ್ದು ಸುಮಾರು 80, 320ರದ್ದು 46, 800ರದ್ದು 22, 2000ದ್ದು 10 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಕಾರ್ಖಾನೆಯಿಂದ ಬರುವ ಕಾರಿನ ಎಲ್ಲ ಪದರ ಸೇರಿದ ಬಣ್ಣದ ದಪ್ಪವೇ ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನ ಆಸುಪಾಸು. ಅದರಲ್ಲಿ ಕಣ್ಣಿಗೆ ಕಾಣುವ ಬಣ್ಣದ ಪಾಲು ಹದಿನೈದಿಪ್ಪತ್ತು ಮೈಕ್ರಾನ್. ಇಷ್ಟು ತೆಳುವಾದ ಬಣ್ಣ 80 ನಂಬರಿನ ಗೀರನ್ನು ಮುಚ್ಚುವುದು ಸಾಧ್ಯವೇ ಇಲ್ಲ. ಮೊದಲ ದಿನ ಮುಚ್ಚಿದಂತೆ ಕಂಡರೂ ತಿನ್ನರ್ ಆರುತ್ತ ಬಣ್ಣ ಗೀರಿನೊಳಗೆ ಇಳಿಯುತ್ತದೆ, ವಾರಗಳ ಮೇಲೆ ಗೆರೆ ಎದ್ದು ಕಾಣುತ್ತದೆ.

ಆದ್ದರಿಂದ ಪ್ರತಿ ಕಾಗದದ ಕೆಲಸ ಹಿಂದಿನ ಕಾಗದದ ಗೀರನ್ನು ಅಳಿಸುವುದು. ಪುಟ್ಟಿಯ ಆಕಾರ ತೆಗೆಯಲು 80, ಆಮೇಲೆ 120, 180, ಪ್ರೈಮರಿನ ಹೊತ್ತಿಗೆ 220–320, ಪ್ರೈಮರ್ ಮೇಲೆ 400, 600, ಮೆಟಾಲಿಕ್ ಬಣ್ಣವಿದ್ದರೆ 800. ನಡುವಿನ ಒಂದು ನಂಬರನ್ನು ಹಾರಿಸಿದರೆ ಮುಂದಿನ ಸಣ್ಣ ಕಾಗದ ಹಳೆಯ ಗೀರಿನ ತುದಿಗಳನ್ನು ಮಾತ್ರ ಹೊಳೆಯಿಸುತ್ತದೆ, ತಳ ಹಾಗೇ ಉಳಿಯುತ್ತದೆ. ಹಳೆಯ ಬಣ್ಣ ಮತ್ತು ಬರಿ ತಗಡು ಕೂಡುವ ಅಂಚನ್ನೂ ಬೆರಳಿಗೆ ಮೆಟ್ಟಿಲು ಸಿಗದಂತೆ ಅಗಲವಾಗಿ ಇಳಿಜಾರು ಮಾಡಬೇಕು. ಕಾಗದವನ್ನು ಬರಿಗೈಯಲ್ಲಿ ಹಿಡಿದರೆ ಬೆರಳಿನ ಒತ್ತಡದ ತೋಡುಗಳು ಬೀಳುತ್ತವೆ. ಮರದ ಇಲ್ಲವೇ ರಬ್ಬರಿನ ಪಟ್ಟೆ ಹಲಗೆಗೆ ಸುತ್ತಿಕೊಂಡು ಓರೆಯಾಗಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಎಳೆಯಬೇಕು.

ತಗ್ಗು ಎಲ್ಲಿ ಉಳಿದಿದೆ ಎಂದು ತಿಳಿಯಲು ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ತೆಳುವಾಗಿ ಸಿಂಪಡಿಸಿ ಉಜ್ಜುವ ರೂಢಿಯಿದೆ. ಉಬ್ಬಿನ ಮೇಲಿನ ಕಪ್ಪು ಮೊದಲು ಹೋಗುತ್ತದೆ, ತಗ್ಗಿನದು ಉಳಿಯುತ್ತದೆ. ಆದರೂ ಅನುಭವಿಗಳು ಕೊನೆಗೆ ನಂಬುವುದು ಅಂಗೈಯನ್ನು. ತಗಡಿನ ಮೇಲೆ ತೆಳು ಬಟ್ಟೆ ಹಾಸಿ, ಮುಖ ಬೇರೆ ಕಡೆ ತಿರುಗಿಸಿ, ಕೈಯನ್ನು ನಿಧಾನ ಸರಿಸುತ್ತಾರೆ. ಇದು ಬರೀ ಗತ್ತು ಎನ್ನುವವರು 2013ರಲ್ಲಿ ಸ್ಟಾಕ್‌ಹೋಮಿನ ಕೆಟಿಎಚ್ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಸುಮಾರು 13 ನ್ಯಾನೊಮೀಟರ್ ಎತ್ತರದ ಸುಕ್ಕುಗಳಿರುವ ಮೇಲ್ಮೈಗೂ ಸುಕ್ಕಿಲ್ಲದ ಮೇಲ್ಮೈಗೂ ಇರುವ ವ್ಯತ್ಯಾಸವನ್ನು ಮನುಷ್ಯನ ಬೆರಳು ಗುರುತಿಸಿತು. ಕಣ್ಣಿಗೆ ಎಂದೂ ಕಾಣದ ಅಳತೆ ಅದು.

ಕಣ್ಣು ಸೋಲುವುದಕ್ಕೆ ಕಾರಣ ಬೆಳಕು. ಉಜ್ಜಿದ ಮೇಲ್ಮೈ ಒರಟಾಗಿರುವುದರಿಂದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ತಗ್ಗು, ಉಬ್ಬು ಎರಡೂ ಒಂದೇ ಬೂದು. ಬಣ್ಣ ಹೊಡೆದು ಹೊಳಪು ಬಂದಾಗ ಅದೇ ಮೈ ಕನ್ನಡಿಯಾಗುತ್ತದೆ. ಕನ್ನಡಿ ಒಂದು ಡಿಗ್ರಿ ಓರೆಯಾದರೆ ಪ್ರತಿಫಲಿಸಿದ ಕಿರಣ ಎರಡು ಡಿಗ್ರಿ ತಿರುಗುತ್ತದೆ. ಹೀಗಾಗಿ ಹೊಳಪು ತಪ್ಪನ್ನು ಇಮ್ಮಡಿಸಿ ತೋರಿಸುತ್ತದೆ. ಪ್ರೈಮರ್ ಮೇಲೆ ನೀರು ಸುರಿದು, ಓರೆಯಲ್ಲಿ ಹಿಡಿದ ಟ್ಯೂಬ್‌ಲೈಟಿನ ಪ್ರತಿಬಿಂಬ ಸೊಟ್ಟಗಾಗುತ್ತದೆಯೇ ನೋಡಿದರೆ ಬಣ್ಣದ ಖರ್ಚಿಗೆ ಮುಂಚೆಯೇ ಉತ್ತರ ಸಿಗುತ್ತದೆ.

ಶೆಡ್ಡಿನ ನೀರಿನ ಕಾಗದಕ್ಕೂ ಅದರ ಪಕ್ಕದಲ್ಲೇ ಇರುವ ಮಾಸ್ಕಿಂಗ್ ಟೇಪಿಗೂ ಒಂದೇ ಮೂಲ. ಉಜ್ಜುವಾಗ ಏಳುವ ಧೂಳನ್ನು ತಪ್ಪಿಸಲು ನೀರಿನಲ್ಲಿ ಬಳಸಬಹುದಾದ ಕಾಗದವನ್ನು ಅಮೆರಿಕದ 3ಎಂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದಿತು. ಅದನ್ನು ಪರೀಕ್ಷಿಸಲು ಕಾರು ಬಣ್ಣದ ಶೆಡ್ಡಿಗೆ ಹೋಗುತ್ತಿದ್ದ ರಿಚರ್ಡ್ ಡ್ರೂ ಎಂಬ ನೌಕರ, ಎರಡು ಬಣ್ಣದ ಕಾರಿನ ಗೆರೆ ಕೆಟ್ಟು ಪೇಂಟರ್‌ಗಳು ಬೈಯುವುದನ್ನು ಕೇಳಿದ. ಅವರು ಅಂಟಿಸಿದ್ದ ಟೇಪು ಕೀಳುವಾಗ ಹೊಸ ಬಣ್ಣವನ್ನೂ ಕಿತ್ತುಕೊಂಡು ಬರುತ್ತಿತ್ತು. 1925ರಲ್ಲಿ ಅವನು ಮಾಸ್ಕಿಂಗ್ ಟೇಪ್ ತಯಾರಿಸಿದ.

ಕಾಣದ ಎಣ್ಣೆ, ಕಾಣದ ಉಪ್ಪು

ಉಜ್ಜಿ ಮುಗಿದ ತಗಡನ್ನು ಎಣ್ಣೆಗೈಯಲ್ಲಿ ಒಮ್ಮೆ ಸವರಿದರೆ ಸಾಕು, ಅಲ್ಲಿ ಬಣ್ಣ ನಿಲ್ಲದೆ ದುಂಡು ದುಂಡಾಗಿ ಸರಿದು ಮೀನಿನ ಕಣ್ಣಿನಾಕಾರದ ಗುಳಿ ಬೀಳುತ್ತದೆ. ದ್ರವವೊಂದು ಮೇಲ್ಮೈ ಮೇಲೆ ಹರಡಬೇಕಾದರೆ ಅದರ ಮೇಲ್ಮೈ ಸೆಳೆತ ಕೆಳಗಿನದಕ್ಕಿಂತ ಕಡಿಮೆಯಿರಬೇಕು. ನೀರಿನ ಸೆಳೆತ ಮೀಟರಿಗೆ 72 ಮಿಲಿನ್ಯೂಟನ್; ಬಣ್ಣಗಳದು ಸಾಮಾನ್ಯವಾಗಿ 25ರಿಂದ 35; ಸಿಲಿಕೋನ್ ಎಣ್ಣೆಯದು ಸುಮಾರು 20. ಸಿಲಿಕೋನ್ ಇದ್ದಲ್ಲಿಂದ ಬಣ್ಣ ಹೆಚ್ಚು ಸೆಳೆತದ ಕಡೆಗೆ ಓಡಿಬಿಡುತ್ತದೆ. ಟೈರು, ಡ್ಯಾಶ್‌ಬೋರ್ಡು ಹೊಳೆಯಿಸುವ ಪಾಲಿಶ್‌ಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಅಂಥ ಡಬ್ಬಿಯನ್ನು ಪೇಂಟಿಂಗ್ ಶೆಡ್ಡಿನ ಹತ್ತಿರಕ್ಕೂ ತರಬಾರದು.

ಎಣ್ಣೆ ತೆಗೆಯಬೇಕಾದ ಹೊತ್ತು ಉಜ್ಜುವುದಕ್ಕೆ ಮುಂಚೆ. ಇಲ್ಲದಿದ್ದರೆ ಕಾಗದ ಅದನ್ನು ಗೀರುಗಳೊಳಗೆ ತುಂಬುತ್ತದೆ. ಮೊದಲು ಸೋಪಿನ ನೀರು, ಬಳಿಕ ಇದಕ್ಕೆಂದೇ ಬರುವ ದ್ರಾವಕ. ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಒರೆಸಬೇಕು. ಆರಲು ಬಿಟ್ಟರೆ ಕರಗಿದ ಎಣ್ಣೆ ಅಲ್ಲೇ ಕೂರುತ್ತದೆ. ಸೀಮೆಎಣ್ಣೆ, ಡೀಸೆಲ್ ಈ ಕೆಲಸಕ್ಕೆ ಸಲ್ಲವು, ತಾವೇ ಜಿಡ್ಡು ಬಿಟ್ಟು ಹೋಗುತ್ತವೆ. ಸ್ವಚ್ಛವಾಯಿತೇ ಎಂದು ತಿಳಿಯಲು ನೀರು ಚಿಮುಕಿಸಿ: ಒಂದೇ ಹಾಳೆಯಾಗಿ ಹರಡಿದರೆ ಸರಿ, ಹನಿ ಹನಿಯಾಗಿ ಒಡೆದರೆ ಮತ್ತೆ ಒರೆಸಿ.

ಉಪ್ಪಿನ ಕಥೆ ನೀರಿನದು. ತುಮಕೂರು ಜಿಲ್ಲೆಯ ಕೊಳವೆಬಾವಿ ನೀರು ಎಷ್ಟು ಗಡುಸು ಎಂಬುದಕ್ಕೆ ಮನೆಯ ಗೀಸರಿನಲ್ಲಿ ಕಟ್ಟುವ ಬಿಳಿ ಚಕ್ಕೆಯೇ ಸಾಕ್ಷಿ. ಆ ನೀರಿನಲ್ಲಿ ತೊಳೆದ ತಗಡು ಒಣಗಿದಾಗ ಉಪ್ಪಿನ ಕಣಗಳು ಉಳಿಯುತ್ತವೆ. ಬಣ್ಣದ ಪದರ ಪೂರ್ತಿ ಜಲನಿರೋಧಕವಲ್ಲ. ನೀರಿನ ಅಣುಗಳನ್ನು ನಿಧಾನವಾಗಿ ಒಳಗೆ ಬಿಡುತ್ತದೆ, ಕರಗಿದ ಉಪ್ಪನ್ನು ಹೊರಗೆ ಬಿಡುವುದಿಲ್ಲ. ಒಳಗಿನ ಉಪ್ಪು ಹೊರಗಿನ ನೀರನ್ನು ಎಳೆಯುತ್ತಲೇ ಇರುತ್ತದೆ, ಒತ್ತಡ ಏರುತ್ತದೆ, ಬಣ್ಣ ಗುಳ್ಳೆಯಾಗಿ ಏಳುತ್ತದೆ. ಶಾಲೆಯಲ್ಲಿ ಓದಿದ ಪರಾಸರಣ ಮಡ್‌ಗಾರ್ಡಿನ ಮೇಲೆ ನಡೆಯುವುದು ಹೀಗೆ. ಮದ್ದು ಅಗ್ಗದ್ದು: ಕೊನೆಯ ತೊಳೆತಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಬಳಸಿದರಾಯಿತು.

ಯಾವ ಮೈಗೆ ಯಾವ ಪ್ರೈಮರ್

ಬರಿ ಉಕ್ಕು ಗಾಳಿಗೆ ತೆರೆದುಕೊಂಡ ಕ್ಷಣದಿಂದ ತುಕ್ಕಿಗೆ ಸಿದ್ಧವಾಗುತ್ತದೆ. ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ಎಪಾಕ್ಸಿ ಪ್ರೈಮರಿನ ಅಣುಗಳಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ಲೋಹದ ಮೇಲಿನ ಆಕ್ಸೈಡ್ ಪದರವನ್ನು ಬಿಗಿಯಾಗಿ ಹಿಡಿಯುತ್ತವೆ. ನೀರನ್ನೂ ಚೆನ್ನಾಗಿ ತಡೆಯುತ್ತವೆ. ಆಮ್ಲವಿರುವ ಎಚ್ ಪ್ರೈಮರ್ ತಗಡನ್ನು ತುಸು ಕೊರೆದು ಹಿಡಿದುಕೊಳ್ಳುತ್ತದೆ. ಅದರ ಮೇಲೆ ನೇರವಾಗಿ ಪಾಲಿಯೆಸ್ಟರ್ ಪುಟ್ಟಿ ಹಾಕಬಾರದು: ಆಮ್ಲ ಪುಟ್ಟಿಯ ಗಟ್ಟಿಯಾಗುವ ಕ್ರಿಯೆಗೆ ಅಡ್ಡ ಬರುತ್ತದೆ. ಗೇಟಿಗೆ, ಟ್ರೇಲರಿಗೆ ಹಚ್ಚುವ ಸಾದಾ ರೆಡ್ ಆಕ್ಸೈಡ್ ಮೇಲೆ ತೀಕ್ಷ್ಣ ತಿನ್ನರಿನ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆದರೆ ಕೆಳಗಿನ ಪದರ ಉಬ್ಬಿ ಸುಕ್ಕುಗಟ್ಟುತ್ತದೆ. ಪದರ ಪದರಕ್ಕೂ ಹೊಂದಾಣಿಕೆ ನೋಡಲೇಬೇಕು.

ಈಗಿನ ಬಂಪರುಗಳು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನವು. ಅದರ ಮೇಲ್ಮೈ ಶಕ್ತಿ ಮೀಟರಿಗೆ ಸುಮಾರು 30 ಮಿಲಿನ್ಯೂಟನ್ ಅಷ್ಟೇ. ಬಣ್ಣಕ್ಕೆ ಹಿಡಿತವೇ ಸಿಗದು. ಕಾರ್ಖಾನೆಯಲ್ಲಿ ಜ್ವಾಲೆ ಹಾಯಿಸಿ ಮೇಲ್ಮೈಯನ್ನು ಬದಲಿಸುವುದುಂಟು. ಶೆಡ್ಡಿನಲ್ಲಿ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರನ್ನು ಮೊದಲು ಹೊಡೆಯಬೇಕು. ಅದನ್ನು ಬಿಟ್ಟ ಬಂಪರಿನ ಬಣ್ಣ ಒಂದು ಕಲ್ಲೇಟಿಗೆ ಹಾಳೆಯಾಗಿ ಕಳಚುತ್ತದೆ.

ಈ ಶಿಸ್ತು ವಿಮಾನಕ್ಕೂ ತಪ್ಪಿದ್ದಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರ್, ವಿಮಾನಗಳಲ್ಲಿ ಹೆಚ್ಚು ಬಳಕೆಯಾಗುವ ಅಲ್ಯೂಮಿನಿಯಂ ಮಿಶ್ರಲೋಹ ಉಜ್ಜಿದ ಕೂಡಲೇ ತನ್ನ ಮೇಲೆ ಆಕ್ಸೈಡ್ ಪದರ ಬೆಳೆಸಿಕೊಳ್ಳುತ್ತದೆ. ಆದ್ದರಿಂದ ವಿಮಾನದ ತಗಡಿಗೆ ರಾಸಾಯನಿಕ ಸಂಸ್ಕಾರ ಕೊಟ್ಟು, ಗೊತ್ತಾದ ಅವಧಿಯೊಳಗೆ ಪ್ರೈಮರ್ ಹೊಡೆಯುವುದು ನಿಯಮ. ಎಣ್ಣೆ ತೆಗೆ, ಒರಟು ಮಾಡು, ಸಂಸ್ಕರಿಸು, ತಡಮಾಡದೆ ಪ್ರೈಮರ್ ಹೊಡೆ: ವಿಮಾನಕ್ಕೂ ಟ್ರ್ಯಾಕ್ಟರಿಗೂ ಕ್ರಮ ಒಂದೇ.

ಆಯುಧಪೂಜೆಯ ಅವಸರ

ಈ ಭಾಗದ ಶೆಡ್ಡುಗಳಿಗೆ ಕೈತುಂಬ ಕೆಲಸ ಬರುವ ಕಾಲ ಆಯುಧಪೂಜೆಯ ಮುಂಚಿನ ವಾರಗಳು. ತುಮಕೂರು ಸೀಮೆಯಲ್ಲಿ ಮಳೆ ಹೆಚ್ಚು ಬೀಳುವುದೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ. ಇನ್ನೊಂದು ಅವಸರ ಎಫ್‌ಸಿಯದು. ಎಂಟು ವರ್ಷ ದಾಟಿದ ಸರಕು ವಾಹನ ಪ್ರತಿ ವರ್ಷ ಯೋಗ್ಯತಾ ಪತ್ರ ಪಡೆಯಬೇಕು. ಆಗ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

“ಅಣ್ಣ, ನಾಳೆ ಸಂಜೆಗೆ ಗಾಡಿ ಕೊಟ್ಬಿಡಿ. ನಾಡಿದ್ದು ಪೂಜೆ.”

“ಕೊಡ್ಬೋದು ಸ್ವಾಮಿ, ಪೂಜೆಗೆ ಹೊಳೀತದೆ. ಮುಂದಿನ ಪೂಜೆಗೂ ಹೊಳೀಬೇಕು ಅಂದ್ರೆ ಇನ್ನೆರಡು ದಿನ ಬಿಡಿ.”

ಆ ಎರಡು ದಿನ ಬೇಕಾಗುವುದು ದ್ರಾವಕ ಮತ್ತು ತೇವಕ್ಕಾಗಿ. ತಿನ್ನರ್ ಆವಿಯಾಗುವಾಗ ತಗಡಿನ ಶಾಖವನ್ನು ಹೀರಿ ಅದನ್ನು ತಣ್ಣಗಾಗಿಸುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಹಸಿ ಬಣ್ಣದ ಮೇಲೆ ನೀರು ಕೂರುತ್ತದೆ. ಡ್ಯೂಕೊ ಬಣ್ಣ ಬಿಳಿಚಿಕೊಳ್ಳುವುದು ಇದರಿಂದ. ತಗಡು ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕೆಂಬುದು ಬಣ್ಣದ ಕೆಲಸದ ಸಾಮಾನ್ಯ ನಿಯಮ. ಎರಡು ಕೋಟ್‌ಗಳ ನಡುವೆ ಐದು ಹತ್ತು ನಿಮಿಷ ಬಿಡದಿದ್ದರೆ ಮೇಲಿನ ಪದರ ಕೆನೆಗಟ್ಟಿ, ಕೆಳಗೆ ಸಿಕ್ಕ ತಿನ್ನರ್ ಸೂಜಿಮೊನೆಯ ಗುಳ್ಳೆಗಳಾಗಿ ಒಡೆದು ಹೊರಬರುತ್ತದೆ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ಕೂಡುವ ನೀರನ್ನು ಪ್ರತಿದಿನ ಬಸಿಯದಿದ್ದರೆ ಅದೂ ಗನ್ನಿನ ಮೂಲಕ ಬಣ್ಣಕ್ಕೆ ಬರುತ್ತದೆ.

ಡ್ಯೂಕೊ ಎಂಬುದು 1923ರಲ್ಲಿ ಡ್ಯೂಪಾಂಟ್ ಕಂಪನಿ ತಂದ ನೈಟ್ರೊಸೆಲ್ಯುಲೋಸ್ ಬಣ್ಣದ ಹೆಸರು. ಬ್ರಷ್ಷಿನಿಂದ ವಾರ್ನಿಷ್ ಬಳಿದು ವಾರಗಟ್ಟಲೆ ಕಾಯುತ್ತಿದ್ದ ಕಾರು ಕಾರ್ಖಾನೆಗಳಿಗೆ ಅದು ವರವಾಯಿತು. ಬಣ್ಣ ಆರುವ ಹೊತ್ತು ಅಂದಿನಿಂದ ಇಳಿಯುತ್ತಲೇ ಬಂದಿದೆ. ತಗಡನ್ನು ಸಿದ್ಧಗೊಳಿಸುವ ಹೊತ್ತು ಅಷ್ಟಾಗಿ ಇಳಿದಿಲ್ಲ.

ಉಸಿರಿನ ಲೆಕ್ಕ

ಈ ಕೆಲಸದ ದುಬಾರಿ ಬೆಲೆ ತೆರುವುದು ಶ್ವಾಸಕೋಶ. ಹಳೆಯ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಉಜ್ಜಿದಾಗ ಅದು ಧೂಳಾಗಿ ಏಳುತ್ತದೆ. ನಮ್ಮಲ್ಲಿ ಬಣ್ಣದ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿದ 2016ರ ನಿಯಮ ಅನ್ವಯಿಸುವುದು ಮನೆ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ. ಪಿಯು ಬಣ್ಣದ ಹಾರ್ಡ್ನರ್‌ನಲ್ಲಿರುವ ಐಸೊಸಯನೇಟ್ ಒಮ್ಮೆ ದೇಹವನ್ನು ಕೆರಳಿಸಿದರೆ ಆಮೇಲೆ ಅತಿ ಕಡಿಮೆ ಪ್ರಮಾಣಕ್ಕೂ ಆಸ್ತಮಾ ಬರಬಹುದು. ಮೂಗಿಗೆ ಕಟ್ಟಿದ ಕರ್ಚೀಫು ಧೂಳಿನ ದಪ್ಪ ಕಣವನ್ನಷ್ಟೇ ತಡೆಯುತ್ತದೆ, ಆವಿಯನ್ನು ತಡೆಯದು. ಉಜ್ಜುವಾಗ ಧೂಳಿನ ಎನ್95 ಮಾಸ್ಕ್ ಹಾಕಬೇಕು. ಪಿಯು ಹೊಡೆಯುವಾಗ ಹೊರಗಿನ ಶುದ್ಧ ಗಾಳಿಯನ್ನು ನಳಿಕೆಯಿಂದ ಒದಗಿಸುವ ಮುಖಕವಚ ಬೇಕು. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಗ್ರಾಮೀಣ ಹುಡುಗರಿಗೆ ವಾಹನ ಬಣ್ಣವನ್ನೂ ಒಂದು ವೃತ್ತಿಯಾಗಿ ಕಲಿಸುತ್ತಿದೆ. ಐಟಿಐಗಳಲ್ಲೂ ವಾಹನದ ಬಾಡಿ ರಿಪೇರಿ, ಬಾಡಿ ಪೇಂಟಿಂಗ್ ಹೆಸರಿನ ಒಂದು ವರ್ಷದ ಕೋರ್ಸ್‌ಗಳಿವೆ. ಶೆಡ್ಡಿನಲ್ಲಿ ಕೈ ಪಳಗಿದ ಹುಡುಗರು ಈ ಪಾಠವನ್ನೂ ಪಡೆದರೆ ಹೆಚ್ಚು ವರ್ಷ ಉಸಿರಾಡಿಕೊಂಡು ದುಡಿಯಬಹುದು.

ಗಾಡಿಯನ್ನು ಶೆಡ್ಡಿಗೆ ಬಿಡುವ ಓದುಗರಿಗೆ ಕೊನೆಯದಾಗಿ ಇಷ್ಟು ಹೇಳಬಹುದು. ಯಾವ ಕಂಪನಿಯ ಬಣ್ಣ ಎಂದು ಕೇಳುವುದರ ಜತೆಗೆ ಎರಡು ಸಲ ಹೋಗಿ ನೋಡಿ ಬನ್ನಿ: ಪುಟ್ಟಿ ಹಾಕುವ ಮುನ್ನ ಒಮ್ಮೆ, ಪ್ರೈಮರ್ ಬಿದ್ದ ಮೇಲೆ ಇನ್ನೊಮ್ಮೆ. ಮೊದಲ ಸಲ ಬರಿ ತಗಡಿನ ಆಕಾರ ನೋಡಿ, ತುಕ್ಕಿನ ಕಪ್ಪು ಚುಕ್ಕೆ ಉಳಿದಿದೆಯೇ ಗಮನಿಸಿ. ಎರಡನೆಯ ಸಲ ಅಂಗೈ ಸವರಿ. ಆ ಹೊತ್ತಿಗೆ ಸರಿಯಿಲ್ಲದ್ದನ್ನು ಬಣ್ಣ ಸರಿಮಾಡುವುದಿಲ್ಲ. ತಯಾರಿಗೆ ಹೆಚ್ಚು ದಿನ ಕೇಳುವ ಟಿಂಕರಿಗೆ ಆ ದಿನಗಳನ್ನೂ ಅದರ ಕೂಲಿಯನ್ನೂ ಕೊಡಿ. ನಿಮ್ಮ ದುಡ್ಡು ಉಳಿಯುವುದು ಅಲ್ಲೇ.